ಕೆಂಪು ಪಟ್ಟಿಯೂ ಕಚೇರಿಯ ಗಂಟೂ

ಇಂಗ್ಲಿಷಿನಿಂದ ನಮ್ಮ ದಿನಬಳಕೆಗೆ ಇಳಿದುಬಂದಿರುವ ಜೋಡುನುಡಿಗಳಲ್ಲಿ “ರೆಡ್‌ಟೇಪು” ಎಂಬುದು ಒಂದು. ಇಂಗ್ಲಿಷು ಬಲ್ಲವರೂ ಬಾರದವರೂ ಇದನ್ನು ಸಮಾನವಾಗಿ ಬಳಸುತ್ತಾರೆ. ಸಭೆಯಲ್ಲಿ ಮಂತ್ರಿಗಳು ಇದನ್ನು ಖಂಡಿಸುತ್ತಾರೆ; ವರ್ತಕರ ಸಂಘದವರು ಇದನ್ನು ಕಿತ್ತೊಗೆಯಬೇಕೆನ್ನುತ್ತಾರೆ; ನಿವೃತ್ತರಾದ ಮರುದಿನವೇ ಅಧಿಕಾರಿಗಳು ಇದರ ವಿಷಯವಾಗಿ ಉಪನ್ಯಾಸ ಕೊಡತೊಡಗುತ್ತಾರೆ. ನಮ್ಮ ಪತ್ರಿಕೆಗಳು “ಕೆಂಪು ಪಟ್ಟಿ” ಎಂದು ಇದನ್ನು ಅಕ್ಷರಶಃ ಕನ್ನಡಿಸಿಯೂ ಇವೆ. ಎಲ್ಲರೂ ಬೈಯುವ, ಆದರೆ ಯಾರನ್ನೂ ಹೆಸರು ಹಿಡಿದು ಬೈಯದ ಮಾತು ಇದು. ಇಂತಹ ಮಾತನ್ನು ಒಮ್ಮೆ ಬಿಚ್ಚಿ ನೋಡುವುದು ಕೇವಲ ಪಂಡಿತರ ವಿನೋದವಲ್ಲವೆಂದು ನಾವು ಭಾವಿಸುತ್ತೇವೆ.

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಗಹನವಾದುದೇನೂ ಇಲ್ಲ. ನಮ್ಮ ಕೆಂದಾವರೆ, ಹೆಮ್ಮರಗಳಂತೆ ಇದೂ ಒಂದು ಕರ್ಮಧಾರಯ. ಕೆಂಪಾದ ಪಟ್ಟಿ, ಅಷ್ಟೆ. ಪಟ್ಟಿಯೆಂದರೆ ನೂಲಿನಿಂದ ನೆಯ್ದ, ಬೆರಳಗಲಕ್ಕಿಂತಲೂ ಕಿರಿದಾದ ಕಟ್ಟುದಾರ. ಇಂಗ್ಲೆಂಡಿನ ವಕೀಲರೂ ಸರಕಾರಿ ಕಾರಕೂನರೂ ತಮ್ಮ ಕಾಗದಪತ್ರಗಳನ್ನು ಸುರುಳಿ ಸುತ್ತಿ ಇಂತಹ ಪಟ್ಟಿಯಿಂದ ಕಟ್ಟಿಡುತ್ತಿದ್ದರು. ಹೆಸರಿಗೆ ಕೆಂಪಾದರೂ ಅದರ ಬಣ್ಣ ನಿಜವಾಗಿ ಹೆಚ್ಚು ಕಡಮೆ ಗುಲಾಬಿ. ಈ ರೂಢಿ ಹದಿನೇಳನೆಯ ಶತಮಾನದಷ್ಟು ಹಳೆಯದು. ಕೆಂಪು ಪಟ್ಟಿಯಿಂದ ಕಟ್ಟಿದ ಕಾಗದಗಳ ಪುಟ್ಟ ಕಟ್ಟೊಂದು ಕಳೆದುಹೋಗಿದೆಯೆಂಬ ಪ್ರಕಟಣೆ 1658ನೆಯ ಇಸವಿಯ ಲಂಡನ್ನಿನ ಪತ್ರಿಕೆಯೊಂದರಲ್ಲಿ ಕಾಣುತ್ತದೆ. ಅಮೆರಿಕೆಯ ಅಂತರ್ಯುದ್ಧದ ಸೈನಿಕರ ದಾಖಲೆಗಳನ್ನು ಕೆಂಪು ಪಟ್ಟಿಯಿಂದ ಕಟ್ಟಿದ್ದರಿಂದ ಈ ಮಾತು ಹುಟ್ಟಿತೆಂದು ಕೆಲವರು ಹೇಳುವುದುಂಟು. ಆ ಯುದ್ಧ ಆರಂಭವಾದುದು 1861ರಲ್ಲಿ; ಮಾತು ಅದಕ್ಕಿಂತ ಮೊದಲೇ ಬೈಗುಳಾಗಿ ಬಳಕೆಯಲ್ಲಿತ್ತು. ಆದುದರಿಂದ ಆ ಕಥೆ ನಿಲ್ಲತಕ್ಕುದಲ್ಲ. ಸ್ಪೇನಿನವರಲ್ಲಿಯೂ ಇದೇ ಪಟ್ಟಿ, ಇದೇ ದೂರು ಉಂಟು. ಅವರು ಇದಕ್ಕೆ “ಬಾಲ್ಡೂಕೆ” ಎನ್ನುತ್ತಾರೆ. ಪಟ್ಟಿಯನ್ನು ನೆಯ್ದು ಕಳುಹುತ್ತಿದ್ದ ಹಾಲೆಂಡಿನ ಊರೊಂದನ್ನು ಸ್ಪೇನಿನವರು ಕರೆಯುತ್ತಿದ್ದ ಹೆಸರೇ ಕಚೇರಿಯ ವಿಳಂಬದ ಹೆಸರಾಗಿ ಉಳಿದುಬಿಟ್ಟಿತು.

ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಕಚೇರಿಗೆ ಸಂಬಂಧಪಟ್ಟ ಮಾತುಗಳಲ್ಲಿ ಅನೇಕವು ನೂಲು, ಬಟ್ಟೆ, ಕಟ್ಟುಗಳಿಂದ ಹುಟ್ಟಿದವು. “ಫೈಲು” ಎಂಬುದರ ಮೂಲ ಲ್ಯಾಟಿನ್ನಿನ “ಫೀಲುಮ್”. ಅದರ ಅರ್ಥ ದಾರ. ಕಾಗದಗಳನ್ನು ದಾರಕ್ಕೆ ಪೋಣಿಸಿ ತೂಗಹಾಕುತ್ತಿದ್ದುದರಿಂದ ಆ ಹೆಸರು. ಅಧಿಕಾರಿಗಳ ಆಳಿಕೆಯೆಂಬ ಅರ್ಥದ “ಬ್ಯೂರಾಕ್ರಸಿ”ಯಲ್ಲಿರುವ “ಬ್ಯೂರೊ” ಎಂಬುದು ಫ್ರಾನ್ಸಿನಲ್ಲಿ ಮೊದಲು ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆಯ ಬಟ್ಟೆಯ ಹೆಸರು. ಅದು ಮೇಜಿಗಾಯಿತು, ಮೇಜಿನಿಂದ ಕೊಠಡಿಗಾಯಿತು, ಕೊಠಡಿಯಿಂದ ರಾಜ್ಯಕ್ಕೇ ಹಬ್ಬಿತು. ನಮ್ಮ ಹಳೆಯ ಕಚೇರಿಗಳ “ಬಸ್ತಾ” ಪಾರಸಿಯಲ್ಲಿ ಕಟ್ಟಿದ್ದು ಎಂಬರ್ಥದ ಶಬ್ದ. ಪೇಶವೆಯವರ ದಫ್ತರದ ಕಾಗದಗಳು ಇಂದಿಗೂ “ರುಮಾಲು”ಗಳ ಲೆಕ್ಕದಲ್ಲಿಯೇ ಎಣಿಸಲ್ಪಡುತ್ತವೆ.

ಇನ್ನು ನಮ್ಮ ಅಚ್ಚಕನ್ನಡದ “ಕಡತ”ವೂ ಬಟ್ಟೆಯೇ. ಇಂದು ಫೈಲಿಗೆ ಪರ್ಯಾಯವಾಗಿ ಕಡತವೆಂದು ಬರೆಯುವ ಗುಮಾಸ್ತರಲ್ಲಿ ಎಷ್ಟು ಮಂದಿ ಅದನ್ನು ಕಂಡಿರುವರೋ ತಿಳಿಯದು. ಉದ್ದನೆಯ ಹತ್ತಿಯ ಬಟ್ಟೆಗೆ ಇದ್ದಲಿನ ಪುಡಿಯನ್ನು ಅಂಟಿನೊಡನೆ ಕಲಸಿ ಎರಡು ಕಡೆಗೂ ಬಳಿದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ತುದಿಗಳಿಗೆ ಮರದ ಹಲಗೆಗಳನ್ನು ರಟ್ಟಿನಂತೆ ಹಚ್ಚಿದರೆ ಕಡತ ಸಿದ್ಧವಾಗುತ್ತಿತ್ತು. ಕರಿಯ ಬಟ್ಟೆಯ ಮೇಲೆ ಬಳಪದಿಂದ ಬರೆಯುವುದು, ಬೇಡವಾದಾಗ ಒರಸಿ ಮತ್ತೆ ಬರೆಯುವುದು. ಮೈಸೂರಿನ ಇತಿಹಾಸವನ್ನು ಬರೆದ ಕರ್ನಲ್ ವಿಲ್ಕ್ಸನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಅಂಗಡಿಕಾರರ ಲೆಕ್ಕ ಮೊದಲುಗೊಂಡು ಮಠಗಳ ವಹಿವಾಟಿನವರೆಗೆ ಅನೇಕ ವ್ಯವಹಾರಗಳು ಇಂತಹ ಕಡತಗಳಲ್ಲಿ ಅಡಗಿದ್ದುವು. ಶೃಂಗೇರಿಯ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರವಾಗಿವೆ.

ಇಷ್ಟನ್ನೂ ಹೇಳಿದುದೇಕೆಂದರೆ, ಕಟ್ಟುವ ಕೆಲಸ ಮೂಲತಃ ಕಾಪಾಡುವ ಕೆಲಸವಾಗಿತ್ತು. ಬಾಯಿಮಾತಿನ ಅಪ್ಪಣೆ ದೊರೆಯ ಮನಸ್ಸಿನೊಡನೆ ತಿರುಗುತ್ತದೆ. ಬರೆದು ಕಟ್ಟಿಟ್ಟ ಅಪ್ಪಣೆ ತಿರುಗದು. ಒಬ್ಬ ರೈತನ ಹೊಲದ ಎಲ್ಲೆ, ಒಬ್ಬ ವಿಧವೆಯ ಜೀವನಾಂಶ, ಒಬ್ಬ ಸಾಲಗಾರನು ತೀರಿಸಿದ ಹಣದ ರಸೀದಿ, ಇವೆಲ್ಲವೂ ಆ ಕಟ್ಟಿನೊಳಗೆ ಇದ್ದರೆ ಮಾತ್ರ ನಾಳೆಗೂ ಅವರವು. ಬಲಿಷ್ಠನಿಗೆ ಕಾಗದ ಬೇಕಿಲ್ಲ. ಅವನ ನೆರಳೇ ಅವನಿಗೆ ಸಾಕ್ಷಿ. ಕಾಗದ ಬೇಕಾದುದು ಬಡವನಿಗೆ. ಇದನ್ನು ಮರೆತು ಕೆಂಪು ಪಟ್ಟಿಯನ್ನು ಹಳಿಯುವವರು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಕೈಯ ತಪ್ಪನ್ನು ದಾರದ ಮೇಲೆ ಹೊರಿಸುತ್ತಾರೆ.

ಹಾಗಾದರೆ ಕಾಪಾಡುವ ಪಟ್ಟಿಯ ಹೆಸರು ಬೈಗುಳಾದುದು ಹೇಗೆ? ಹತ್ತೊಂಬತ್ತನೆಯ ಶತಮಾನದ ನಡುವಿನ ಇಂಗ್ಲೆಂಡಿನಲ್ಲಿ ಸಾಮ್ರಾಜ್ಯ ಬೆಳೆದಿತ್ತು. ಕಚೇರಿಗಳು ಮಾತ್ರ ಹಳೆಯ ಜಾಡಿನಲ್ಲಿಯೇ ನಡೆಯುತ್ತಿದ್ದುವು. 1850ರಲ್ಲಿ ಕಾರ್ಲೈಲನು ತನ್ನ ಕಿರುಹೊತ್ತಗೆಗಳಲ್ಲಿ ಈ ಮಾತನ್ನು ಕೊರಡೆಯಂತೆ ಬೀಸಿದನು. ಡಿಕನ್ಸನು 1855ರಿಂದ 1857ರವರೆಗೆ ಕಂತುಗಳಾಗಿ ಪ್ರಕಟಿಸಿದ “ಲಿಟಲ್ ಡಾರಿಟ್” ಎಂಬ ಕಾದಂಬರಿಯಲ್ಲಿ “ಸುತ್ತುಮಾತಿನ ಕಚೇರಿ” ಎಂಬ ಒಂದು ಇಲಾಖೆಯನ್ನೇ ಕಲ್ಪಿಸಿ, ಕೆಲಸವನ್ನು ಮಾಡದೆ ಉಳಿಸುವ ವಿದ್ಯೆಯಲ್ಲಿ ಅದು ಎಷ್ಟು ನಿಷ್ಣಾತವಾಗಿತ್ತೆಂಬುದನ್ನು ಚಿತ್ರಿಸಿದನು.

ಅದೇ 1855ರಲ್ಲಿ ಆಡಳಿತ ಸುಧಾರಣೆಯ ಸಭೆಯೊಂದರಲ್ಲಿ ಡಿಕನ್ಸನು ನೆನಪಿಸಿದ ಸಂಗತಿಯನ್ನು ನಮ್ಮ ಅಧಿಕಾರಿವರ್ಗದವರು ಅವಶ್ಯವಾಗಿ ತಿಳಿದಿರಬೇಕು. ಇಂಗ್ಲೆಂಡಿನ ಖಜಾನೆಯಲ್ಲಿ ನೂರಾರು ವರ್ಷಗಳ ಕಾಲ ಹಣದ ಲೆಕ್ಕವನ್ನು ಕಾಗದದಲ್ಲಿ ಅಲ್ಲ, ಕೋಲಿನ ಮೇಲೆ ಗೀರು ಕೊರೆದು ಇಡುತ್ತಿದ್ದರು. ಕೋಲನ್ನು ಉದ್ದಕ್ಕೆ ಸೀಳಿ ಅರ್ಧ ಖಜಾನೆಗೆ, ಅರ್ಧ ಹಣ ಕೊಟ್ಟವನಿಗೆ. ಓದುಬರಹ ವಿರಳವಾಗಿದ್ದ ಕಾಲಕ್ಕೆ ಅದು ಒಳ್ಳೆಯ ಉಪಾಯವೇ ಸರಿ. ಆದರೆ ಕಾಗದ, ಲೇಖನಿ, ಗಣಿತ ಎಲ್ಲವೂ ಬಂದ ಮೇಲೂ ಆ ಕೋಲುಗಳು ಹೋಗಲಿಲ್ಲ; 1826ರವರೆಗೆ ನಡೆದುವು. ಅವು ನಿಂತ ಮೇಲೆ ರಾಶಿ ಬಿದ್ದ ಹಳೆಯ ಕೋಲುಗಳನ್ನು ಚಳಿಯಲ್ಲಿ ನಡುಗುವ ನೆರೆಯ ಬಡವರಿಗೆ ಸೌದೆಯಾಗಿ ಕೊಡಬಹುದಾಗಿತ್ತು. ಕೊಡಲಿಲ್ಲ. 1834ನೆಯ ಇಸವಿ ಅಕ್ಟೋಬರ್ 16ರಂದು ಪ್ರಭುಸಭೆಯ ಕೆಳಗಿನ ಒಲೆಗಳಲ್ಲಿ ಅವುಗಳನ್ನು ಸುಟ್ಟರು. ಒಲೆ ಹೊಗೆಗೂಡನ್ನು ಹಿಡಿಯಿತು, ಹೊಗೆಗೂಡು ಚಾವಣಿಯನ್ನು ಹಿಡಿಯಿತು, ರಾತ್ರಿ ಕಳೆಯುವುದರೊಳಗೆ ಪಾರ್ಲಿಮೆಂಟಿನ ಎರಡು ಸಭೆಗಳೂ ಉರಿದುಹೋದುವು. ಸತ್ತ ಪದ್ಧತಿಯನ್ನು ಸಕಾಲದಲ್ಲಿ ಸಂಸ್ಕಾರ ಮಾಡದಿದ್ದರೆ ಅದು ಮನೆಯನ್ನೇ ಚಿತೆಯಾಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಆ ದಿನಗಳಲ್ಲಿಯೇ ಕ್ರಿಮಿಯದ ಯುದ್ಧವು ಈ ಮಾತನ್ನು ಮನೆಮಾತಾಗಿಸಿತು. 1854ರ ಚಳಿಗಾಲದಲ್ಲಿ ಸೈನಿಕರು ಹಸಿವು, ಶೀತ, ರೋಗಗಳಿಂದ ಸಾಯುತ್ತಿದ್ದರೆ, ಅವರಿಗಾಗಿ ಬಂದ ಸಾಮಾನು ಬಂದರಿನಲ್ಲಿಯೇ ಕೊಳೆಯುತ್ತಿದ್ದಿತು. ಹುರಿಯಲು ಬಾಣಲೆಯಾಗಲಿ ಬೆಂಕಿಯಾಗಲಿ ಇಲ್ಲದವರಿಗೆ ಹಸಿ ಕಾಫಿಬೀಜ ಹಂಚಲ್ಪಟ್ಟಿತು. ಪ್ರತಿಯೊಂದು ಇಲಾಖೆಯೂ ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ಸೈನಿಕನೊಬ್ಬನು ಮಾತ್ರ ನಿಯಮ ತಪ್ಪಿ ಸತ್ತಿದ್ದನು. ಜನಕ್ಷೋಭೆ ಎದ್ದಿತು, 1855ರ ಆದಿಯಲ್ಲಿ ಮಂತ್ರಿಮಂಡಲವೇ ಬಿದ್ದಿತು. 1854ರಲ್ಲಿ ಪ್ರಕಟವಾದ ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ನರ ವರದಿಯು, ಉದ್ಯೋಗಗಳನ್ನು ಶಿಫಾರಸಿನಿಂದಲ್ಲದೆ ಪರೀಕ್ಷೆಯಿಂದ ಕೊಡಬೇಕೆಂದು ಹೇಳಿತು. ಆ ಟ್ರೆವೆಲ್ಯನ್ನನು ಮೊದಲು ಕಂಪನಿ ಸರಕಾರದ ನೌಕರನಾಗಿ ನಮ್ಮ ದೇಶದಲ್ಲಿಯೇ ಪಳಗಿದವನೆಂಬುದು ಗಮನಾರ್ಹ.

ಹಿಂದುಸ್ಥಾನದಲ್ಲಿ ಈ ಪಟ್ಟಿಗೆ ಇನ್ನೊಂದು ಗಂಟು ಬಿದ್ದಿತು. ಕಂಪನಿಯ ಯಜಮಾನರು ಸಮುದ್ರದಾಚೆ ಕುಳಿತು ಆಳಿದರು; ಎದುರಿಗಿಲ್ಲದ ನೌಕರನನ್ನು ಅವರು ನಂಬುವಂತಿರಲಿಲ್ಲ. ಆದುದರಿಂದ ಪ್ರತಿಯೊಂದನ್ನೂ ಬರೆದು, ನಕಲು ತೆಗೆದು, ಹಡಗಿನಲ್ಲಿ ಕಳುಹಿ, ತಿಂಗಳುಗಟ್ಟಲೆ ಕಾದು ಉತ್ತರ ಪಡೆಯಬೇಕಾಗಿತ್ತು. ಜಾನ್ ಸ್ಟೂಅರ್ಟ್ ಮಿಲ್ಲನಂತಹ ತತ್ತ್ವಜ್ಞನು ಹಿಂದುಸ್ಥಾನವನ್ನು ಒಮ್ಮೆಯೂ ಕಾಣದೆ 1823ರಿಂದ 1858ರವರೆಗೆ ಲಂಡನ್ನಿನ ಇಂಡಿಯಾ ಹೌಸಿನಲ್ಲಿ ನೌಕರಿ ಮಾಡಿ, ಇಲ್ಲಿಗೆ ಪತ್ರಗಳನ್ನು ಬರೆದು ಕಳುಹಿದನು. ಅಪನಂಬಿಕೆಯಿಂದ ಹುಟ್ಟಿದ ಈ ಬರವಣಿಗೆಯ ಆಳಿಕೆ ರಾಣಿಯ ಸರಕಾರಕ್ಕೂ ಇಳಿದುಬಂದಿತು. ಲಾರ್ಡ್ ಕರ್ಜನ್ನನಂತಹ ನಿರಂಕುಶ ಪ್ರಭುವೂ ಇಲಾಖೆಗಳ ದೀರ್ಘವಾದ ಟಿಪ್ಪಣಿಗಳನ್ನು ಕಂಡು ರೋಸಿ, ಅವುಗಳನ್ನು ಮೊಟಕುಮಾಡಲು ಹೆಣಗಿದನು. 1947ರಲ್ಲಿ ದೊರೆಗಳು ಹೋದರು, ಪಟ್ಟಿ ಉಳಿಯಿತು. ಮುಂದೆ ಲೈಸೆನ್ಸು, ಪರ್ಮಿಟ್ಟುಗಳ ಕಾಲ ಬಂದು, 1991ರವರೆಗೂ ಕೈಗಾರಿಕೆಯ ಮೇಲೆ ಅದರ ಬಿಗಿ ಸಡಿಲವಾಗಲಿಲ್ಲ.

ಇರಲಿ, ಇತಿಹಾಸ ಇಷ್ಟಾಯಿತು. ಈಗ ನಮ್ಮ ಆಕ್ಷೇಪಣೆಯನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕೆಂಪು ಪಟ್ಟಿಯೆಂಬ ಒಂದೇ ಮಾತಿನಲ್ಲಿ ಪರಸ್ಪರ ವಿರುದ್ಧವಾದ ಎರಡು ದೂರುಗಳು ಅಡಗಿಕೊಂಡಿವೆ. ಒಂದು ವಿಧವೆಯ ದೂರು. ನಿಯಮದಂತೆ ತನಗೆ ಬರಬೇಕಾದ ವೇತನ ಬರುತ್ತಿಲ್ಲವೆಂದು. ಇನ್ನೊಂದು ಬಂಡವಾಳಗಾರನ ದೂರು. ನಿಯಮವೇ ತನಗೆ ಅಡ್ಡವೆಂದು. ಮೊದಲನೆಯವಳು ನಿಯಮ ನಡೆಯಲಿ ಎನ್ನುತ್ತಾಳೆ. ಎರಡನೆಯವನು ನಿಯಮ ತೊಲಗಲಿ ಎನ್ನುತ್ತಾನೆ. ಇಬ್ಬರ ಬಾಯಲ್ಲಿಯೂ ಮಾತು ಒಂದೇ ಆದುದರಿಂದ, ಮೊದಲನೆಯವಳ ಕಣ್ಣೀರನ್ನು ತೋರಿಸಿ ಎರಡನೆಯವನ ಕೆಲಸವನ್ನು ಮಾಡಿಕೊಡುವುದು ಸುಲಭವಾಗಿದೆ. ಕೆಂಪು ಪಟ್ಟಿಯನ್ನು ಸುತ್ತಿಟ್ಟು ಕೆಂಪು ಹಾಸನ್ನು ಹಾಸುತ್ತೇವೆಂಬ ಘೋಷಣೆ ಬಂಡವಾಳಗಾರರ ಸಮ್ಮೇಳನಗಳಲ್ಲಿ ಕೇಳಿಬರುತ್ತದೆ. ಬಹಳ ಸಂತೋಷ. ಆದರೆ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕುಳಿತ ಮುದುಕಿಗೆ ಹಾಸು ಬೇಕಿಲ್ಲ. ಒಂದು ಉತ್ತರ ಸಾಕು.

ಎಲ್ಲ ನಿಯಮಗಳನ್ನೂ ಒಂದೇ ಹೆಸರಿನಿಂದ ಹಳಿದು ಕಿತ್ತೊಗೆದರೆ ಏನಾಗುವುದೆಂಬುದನ್ನು ಈ ಮಾತು ಹುಟ್ಟಿದ ದೇಶವೇ ನಮಗೆ ತೋರಿಸಿದೆ. 2017ನೆಯ ಇಸವಿ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಇಪ್ಪತ್ತುನಾಲ್ಕು ಅಂತಸ್ತುಗಳ ವಸತಿಗೃಹಕ್ಕೆ ಬೆಂಕಿ ಹತ್ತಿತು. ಅಂದಕ್ಕೂ ಚಳಿಗೂ ಎಂದು ಹೊರಗೋಡೆಗೆ ಹೊದಿಸಿದ್ದ ಹಲಗೆಗಳೇ ಉರಿದು, 72 ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೆ ಮುನ್ನಿನ ವರ್ಷಗಳಲ್ಲಿ ಅಲ್ಲಿಯ ಸರಕಾರವು ಕೆಂಪು ಪಟ್ಟಿಯನ್ನು ಕತ್ತರಿಸುವುದನ್ನೇ ವ್ರತವಾಗಿ ಹಿಡಿದು, ಒಂದು ಹೊಸ ನಿಯಮ ಬರಬೇಕಾದರೆ ಎರಡು ಹಳೆಯವು ಹೋಗಬೇಕೆಂದು ಕಟ್ಟಳೆ ಮಾಡಿದ್ದಿತು. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ವಿಚಾರಣಾ ವರದಿಯು, ಆ ವ್ರತದ ಭರದಲ್ಲಿ ಜನರ ಪ್ರಾಣಕ್ಕೆ ಸಂಬಂಧಿಸಿದ ವಿಷಯಗಳು ಕೂಡ ಇಲಾಖೆಯಲ್ಲಿ ಉಪೇಕ್ಷಿತವಾಗಿಯೋ ವಿಳಂಬವಾಗಿಯೋ ಉಳಿದುವೆಂದು ನಿರ್ಣಯಿಸಿದೆ. ಕಟ್ಟಡದವರ ಮತ್ತು ಸಾಮಾನು ಮಾರಿದವರ ಅಪರಾಧಗಳನ್ನೂ ಅದು ಬಿಟ್ಟಿಲ್ಲ. ಒಂದು ಬೆಂಕಿ ಸತ್ತ ನಿಯಮಕ್ಕೆ ಜೋತುಬಿದ್ದುದರಿಂದ ಹುಟ್ಟಿತು. ಇನ್ನೊಂದಕ್ಕೆ ಬದುಕಿದ್ದ ನಿಯಮವನ್ನು ಕಡೆಗಣಿಸಿದುದು ದಾರಿಮಾಡಿತು. ಎರಡಕ್ಕೂ ಒಂದೇ ಹೆಸರಿನ ಔಷಧ ಹೇಗೆ ತಾನೆ ಸಲ್ಲುವುದು?

ಆದುದರಿಂದ ಪಟ್ಟಿಯನ್ನು ಕತ್ತರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು, ಈ ನಿಯಮ ಯಾರನ್ನು ಕಾಯುತ್ತದೆ? ದುರ್ಬಲನನ್ನಾದರೆ ಅದು ಇರಲಿ. ಗುಮಾಸ್ತನ ಮೈಗಳ್ಳತನವನ್ನಾದರೆ ಹೋಗಲಿ. ಎರಡನೆಯದು, ಕಚೇರಿ ಕೇಳುತ್ತಿರುವ ಕಾಗದ ಕಚೇರಿಯಲ್ಲಿಯೇ ಇದೆಯಲ್ಲವೆ? ಒಂದು ಮೇಜಿನಿಂದ ಕೊಟ್ಟ ದೃಢಪತ್ರವನ್ನು ಪಕ್ಕದ ಮೇಜಿಗೆ ತರಲು ಪ್ರಜೆಯೇ ಜವಾನನಾಗಬೇಕೆ? ಮೂರನೆಯದು, ಕೆಲಸಕ್ಕೆ ಗಡುವೂ ಹೊಣೆಗಾರನೂ ಗೊತ್ತಾಗಿರುವರೆ? ಗಡುವಿಲ್ಲದ ನಿಯಮ ನಿಯಮವಲ್ಲ. ಅದು ಅಧಿಕಾರಿಯ ಇಷ್ಟ.

ಈ ಮೂರನೆಯ ಪ್ರಶ್ನೆಗೆ ಕರ್ನಾಟಕವು ಕಾನೂನಿನಿಂದಲೇ ಉತ್ತರ ಕೊಟ್ಟಿದೆಯೆಂಬುದು ಅಭಿಮಾನದ ಸಂಗತಿ. 2000ದಲ್ಲಿಯೇ ನಮ್ಮ ರಾಜ್ಯ ಮಾಹಿತಿ ಹಕ್ಕಿನ ಕಾಯಿದೆಯನ್ನು ಮಾಡಿತು. 2005ರ ಕೇಂದ್ರದ ಕಾಯಿದೆ ಸಾಮಾನ್ಯವಾಗಿ ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕೆಂದು ವಿಧಿಸಿತು. “ಭೂಮಿ” ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಗಣಕಯಂತ್ರದ ಪಹಣಿ ಬಂದಿತು. “ಸಕಾಲ” ಎಂಬ ಹೆಸರಿನಿಂದ ಪ್ರಸಿದ್ಧವಾದ 2011ರ ಕಾಯಿದೆ, ಗಡುವು ಮೀರಿದ ಪ್ರತಿಯೊಂದು ದಿನಕ್ಕೆ 20 ರೂಪಾಯಿಗಳಂತೆ, 500 ರೂಪಾಯಿಗಳ ಮಿತಿಗೆ ಒಳಪಟ್ಟು, ತಡಮಾಡಿದ ನೌಕರನಿಂದಲೇ ವಸೂಲಾಗುವ ಪರಿಹಾರವನ್ನು ಅರ್ಜಿದಾರನಿಗೆ ಕೊಡಮಾಡಿತು. ಮೊತ್ತ ಸಣ್ಣದು, ತತ್ತ್ವ ದೊಡ್ಡದು. ವಿಳಂಬಕ್ಕೆ ಒಬ್ಬ ಕರ್ತೃವುಂಟೆಂದು ರಾಜ್ಯವು ಒಪ್ಪಿಕೊಂಡಂತಾಯಿತು. ಆದರೆ ಹಕ್ಕಿದೆಯೆಂದು ತಿಳಿದವನಿಗೆ ಮಾತ್ರ ಹಕ್ಕು. ಆ ಪರಿಹಾರವನ್ನು ಬಾಯಿಬಿಟ್ಟು ಕೇಳುವ ಧೈರ್ಯ ಎಷ್ಟು ಜನ ಅರ್ಜಿದಾರರಿಗಿದೆಯೆಂಬುದನ್ನು ಅಧಿಕಾರಿಗಳೇ ಆತ್ಮಸಾಕ್ಷಿಯಾಗಿ ಹೇಳಬೇಕು. ಯಂತ್ರ ಬಂದ ಮಾತ್ರಕ್ಕೆ ಗಂಟು ಬಿಚ್ಚಿತೆಂದೂ ತಿಳಿಯಬಾರದು. ಪಟ್ಟಿಯಿಲ್ಲದ ಕಡತ ಪರದೆಯ ಮೇಲೆಯೂ ಮಲಗಬಲ್ಲುದು. “ಸರ್ವರ್ ಇಲ್ಲ” ಎಂಬ ಉತ್ತರ “ಸಾಹೇಬರಿಲ್ಲ” ಎಂಬುದರ ಹೊಸ ಅವತಾರ, ಅಷ್ಟೆ. ಮತ್ತು ನಮ್ಮ ಭಾಷೆಯಲ್ಲಿ ಗಂಟು ಎಂಬ ಮಾತಿಗೆ ಎರಡರ್ಥವಿರುವುದು ಸುಮ್ಮನಲ್ಲ. ಕಡತದ ಗಂಟು ಬಿಚ್ಚಬೇಕಾದರೆ ಸೆರಗಿನ ಗಂಟು ಬಿಚ್ಚಬೇಕೆಂಬುದನ್ನು ನಮ್ಮ ಜನ ಬಹುಕಾಲದಿಂದ ಬಲ್ಲರು.

ಕೊನೆಯದಾಗಿ ಮಾತಿನ ವಿಚಾರಕ್ಕೇ ಹಿಂದಿರುಗೋಣ. “ಕೆಂಪು ಪಟ್ಟಿ” ಎಂಬ ಅನುವಾದ ಕನ್ನಡದಲ್ಲಿ ನಿರ್ಜೀವವಾಗಿದೆ. ಲಂಡನ್ನಿನ ವಕೀಲನ ಮೇಜನ್ನು ಕಾಣದವನಿಗೆ ಅದು ಏನನ್ನು ತಾನೆ ಹೇಳೀತು? ನಮ್ಮ ಜನ ಈ ಅನುಭವಕ್ಕೆ ನಾಮಪದವನ್ನು ಹುಡುಕಲಿಲ್ಲ, ಕ್ರಿಯಾಪದಗಳನ್ನು ಇಟ್ಟುಕೊಂಡರು. ಅಲೆಸುವುದು, ಸತಾಯಿಸುವುದು, ಕಾಯಿಸುವುದು, ತಿರುಗಾಡಿಸುವುದು. ಇವುಗಳಲ್ಲಿ ಹೆಚ್ಚಿನವು ಪ್ರೇರಣಾರ್ಥಕಗಳು. ಅಲೆಯುವವನು ಒಬ್ಬನಾದರೆ ಅಲೆಸುವವನು ಇನ್ನೊಬ್ಬನಿರಲೇಬೇಕು; “ಯಾರು ಅಲೆಸಿದರು?” ಎಂದು ಈ ಕ್ರಿಯಾಪದ ತಾನಾಗಿ ಕೇಳುತ್ತದೆ. ಇಂಗ್ಲಿಷಿನ ಜೋಡುನುಡಿ ಕರ್ತೃವನ್ನು ಅಡಗಿಸುತ್ತದೆ, ಕನ್ನಡದ ಕ್ರಿಯಾಪದ ಅವನನ್ನು ಎಳೆದು ತಂದು ನಿಲ್ಲಿಸುತ್ತದೆ. “ರೆಡ್‌ಟೇಪಿನಿಂದ ಪಿಂಚಣಿ ತಡವಾಯಿತು” ಎಂಬ ವಾಕ್ಯದಲ್ಲಿ ಯಾರೂ ತಪ್ಪಿತಸ್ಥರಲ್ಲ. “ಆ ಮುದುಕಿಯನ್ನು ಏಳು ತಿಂಗಳು ಅಲೆಸಿದರು” ಎಂದರೆ, ಅಲೆಸಿದವರು ಎಲ್ಲಿಯೋ ತಲೆ ತಗ್ಗಿಸಲೇಬೇಕು. ನಮ್ಮ ಪತ್ರಿಕಾಬಾಂಧವರು ಈ ಭೇದವನ್ನು ಗಮನಿಸಿ ಬರೆಯುವರೆಂದು ನಂಬುತ್ತೇವೆ.

ಮನೆಗೆ ಬರುವ ಮಾರಿಯನ್ನು ದೂರವಿಡಲು ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುವ ರೂಢಿ ನಮ್ಮ ನಾಡಿನಲ್ಲಿ ಉಂಟು. ಮಾರಿಗೆ ಹೇಳತಕ್ಕ ಆ ಮಾತನ್ನು ಪ್ರಜೆಗೆ ಹೇಳುವ ಕಚೇರಿ, ತನ್ನ ಬಾಗಿಲಿಗೆ ಬಂದವನು ಯಾರೆಂಬುದನ್ನೇ ಮರೆತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಸುಳ್ಳುಮಾಡುವುದು ಶಾಸನಸಭೆಯ ಕೈಯಲ್ಲಿಲ್ಲ. ಮೇಜಿನ ಮುಂದೆ ಕುಳಿತವರ ಕೈಯಲ್ಲಿದೆ. ಕಾಪಾಡುವುದಕ್ಕಾಗಿ ಕಟ್ಟಿದುದನ್ನು ಕಾಪಾಡಿರಿ. ಬಿಚ್ಚಬೇಕಾದ ದಿನ ಬಿಚ್ಚಿರಿ. ಪಟ್ಟಿಯ ಬಣ್ಣ ಯಾವುದಾದರೂ ಆಗಲಿ, ಗಂಟು ಹಾಕಿದ ಬೆರಳುಗಳಿಗೆ ಬಿಚ್ಚುವ ಹೊಣೆಯೂ ಸೇರಿದೆ.